ಸೌಟಿನ ಮೇಲಿನ ಹಬೆ

ಚಿತ್ರದ ಒಡತಿ ಆ ಹಲಗೆಯನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎದೆಗಾನಿಸಿ ತಂದಿದ್ದರು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಜನವರಿ ಅದು. ಟೊರಾಂಟೊ ಪಕ್ಕದ ಥಾರ್ನ್‌ಹಿಲ್‌ನಲ್ಲಿ ಟೈಲ್ಸ್ ಅಂಗಡಿ, ಕಾರು ರಿಪೇರಿ ಗ್ಯಾರೇಜುಗಳ ಸಾಲಿನ ಹಿಂದೆ ನಮ್ಮ ಸ್ಟುಡಿಯೋ ಇತ್ತು. ಹಳೆಯ ವರ್ಣಚಿತ್ರಗಳ ಕೊಳೆ ತೆಗೆದು ದುರಸ್ತಿ ಮಾಡುವುದು ನಮ್ಮ ಕೆಲಸ. ಇದ್ದವರು ಇಬ್ಬರೇ. ಪೂರ್ವ ಯೂರೋಪಿನಿಂದ ಬಂದು ಜೀವಮಾನವೆಲ್ಲ ಇದೇ ಕೆಲಸ ಮಾಡಿದ್ದ ಹಿರಿಯರು ಒಬ್ಬರು. ಧಾರವಾಡದಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿ, ಆ ಡಿಗ್ರಿಯ ಜಂಬವನ್ನು ಸ್ವೆಟರಿನ ಒಳಗೆ ಇನ್ನೂ ಬೆಚ್ಚಗೆ ಇಟ್ಟುಕೊಂಡಿದ್ದ ನಾನು ಇನ್ನೊಬ್ಬಳು.

ಹೊದಿಕೆ ಬಿಚ್ಚಿದಾಗ ಕಂಡದ್ದು ಒಂದೂವರೆ ಗೇಣು ಅಗಲದ ಓಕ್ ಮರದ ಹಲಗೆ, ಅದರ ಮೇಲೆ ಕಂದು ಕತ್ತಲು. ಕಣ್ಣು ಹೊಂದಿಕೊಂಡ ಮೇಲೆ ಒಂದು ಅಡುಗೆಮನೆ ಕಾಣಿಸಿತು. ಮಣ್ಣಿನ ನೆಲ, ಗಿಡ್ಡ ಬೆಂಚು, ಅದರ ಸುತ್ತ ಕೂತ ರೈತರು. ನಡುವೆ ಒಂದೇ ಬೋಗುಣಿ, ಎಲ್ಲರ ಚಮಚೆಯೂ ಅದರೊಳಗೇ. ಒಬ್ಬ ಮುದುಕ ಉಂಡು ಗೋಡೆಗೊರಗಿ ಬಾಯಿ ತೆರೆದು ನಿದ್ದೆ ಹೋಗಿದ್ದ. ಮುಂದುಗಡೆ ಒಬ್ಬ ತಾಯಿ, ತೊಡೆಯ ಮೇಲೆ ಮಗು. ತಾಯಿ ಮರದ ಸೌಟನ್ನು ತನ್ನ ಕೆಳತುಟಿಗೆ ತಾಗಿಸಿಕೊಂಡಿದ್ದಳು, ಮಗು ಕತ್ತು ಚಾಚಿತ್ತು. ಮುನ್ನೂರು ವರ್ಷಕ್ಕೂ ಹಿಂದೆ ಈಗಿನ ಬೆಲ್ಜಿಯಮ್ಮಿನ ಫ್ಲಾಂಡರ್ಸ್ ಸೀಮೆಯ ಚಿತ್ರಗಾರರು ಇಂಥವನ್ನು ಬೇಕಾದಷ್ಟು ಬರೆದರು. ರಾಜನಿಲ್ಲ, ದೇವರಿಲ್ಲ, ಉಣ್ಣುವ ಕುಡಿಯುವ ತೇಗುವ ಜನ. ಈ ಹಲಗೆಯ ಮೇಲೆ ಬರೆದವನ ಸಹಿ ಇರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಮೊದಲು ಬಂದ ಯೋಚನೆ ಕಲೆಯದಲ್ಲ. ‘ಅಯ್ಯೋ, ಎಲ್ಲರದೂ ಎಂಜಲು’ ಅಂದುಕೊಂಡೆ.

ಒಡತಿಗೆ ಎಂಬತ್ತು ದಾಟಿತ್ತು. ಅದೇ ಸೀಮೆಯಲ್ಲಿ ಹುಟ್ಟಿ, ಮದುವೆಯಾಗಿ ಕೆನಡಾಕ್ಕೆ ಬಂದು, ಈಗ ಪಿಕರಿಂಗ್ ಎಂಬ ಊರಿನಲ್ಲಿ ಒಬ್ಬರೇ ಇದ್ದರು. ಅವರಿಗೆ ಕಣ್ಣಿನ ನಟ್ಟನಡುವಿನ ನೋಟ ಸವೆಯುವ ಕಾಯಿಲೆ. ಅಂಚಿನ ನೋಟ ಉಳಿಯುತ್ತದೆ, ನೋಡಬೇಕೆಂದದ್ದೇ ಮಾಯವಾಗುತ್ತದೆ. ವಸಂತದವರೆಗೆ ಕಂಡರೆ ಅದೃಷ್ಟ ಎಂದು ಡಾಕ್ಟರು ಹೇಳಿದ್ದರಂತೆ.

“ಚಿಕ್ಕವಳಿದ್ದಾಗ ಅಮ್ಮ ನನ್ನನ್ನು ಎತ್ತಿ ಇದರ ಮುಂದೆ ಹಿಡಿಯುತ್ತಿದ್ದಳು,” ಎಂದರು. “ಆ ಸೌಟಿನ ಮೇಲೆ ಹಬೆ ಇತ್ತು. ಬಿಸಿ ಇದೆ, ಆರಿಸೋಣ ಅಂತ ಇಬ್ಬರೂ ಸೇರಿ ಊದುತ್ತಿದ್ದೆವು. ಆಮೇಲೆ ಒಲೆಯ ಹೊಗೆ, ಅಪ್ಪನ ಪೈಪಿನ ಹೊಗೆ, ಎಲ್ಲ ಕೂತು ಹಬೆ ಮುಚ್ಚಿಹೋಯಿತು. ಕಣ್ಣು ಹೋಗುವ ಮೊದಲು ಅದನ್ನು ಒಂದು ಸಲ ನೋಡಬೇಕು. ಬೇರೇನೂ ಬೇಡ.”

ಅವರು ಹೋದ ಮೇಲೆ ಹಿರಿಯರು ಭೂತಗನ್ನಡಿ ಹಿಡಿದು ಸೌಟಿನ ಸುತ್ತ ನೋಡಿದರು. ಕಂದು ಬಿಟ್ಟರೆ ಏನೂ ಇಲ್ಲ. “ಜನ ಚಿತ್ರಕ್ಕೆ ತಮಗೆ ಬೇಕಾದ್ದನ್ನು ನೆನಪಿನಲ್ಲಿ ಸೇರಿಸಿಕೊಳ್ಳುತ್ತಾರೆ. ಬರೆದುಕೋ, ಆದರೆ ಹುಡುಕುತ್ತ ಹೋಗಬೇಡ,” ಎಂದರು. ನಾನು ರಿಪೋರ್ಟಿನಲ್ಲಿ ಬರೆದೆ: ‘ಒಡತಿಯ ಪ್ರಕಾರ ಹಬೆ ಇತ್ತು. ಈಗ ಕಾಣುವುದಿಲ್ಲ.’

ಮೊದಲ ವಾರ ಬರೀ ನೋಡುವುದರಲ್ಲೇ ಹೋಯಿತು. ಪಕ್ಕದಿಂದ ಬೆಳಕು ಬಿಟ್ಟು ಬಣ್ಣ ಎಲ್ಲಿ ಎದ್ದಿದೆ ಎಂದು ಗುರುತು ಹಾಕಿಕೊಂಡೆವು. ಪರದೆ ಎಳೆದು ಅಲ್ಟ್ರಾವಯಲೆಟ್ ದೀಪ ಹಚ್ಚಿದೆವು. ಹಳೆಯ ವಾರ್ನಿಷ್ ಇದ್ದಲ್ಲೆಲ್ಲ ಪಾಚಿಯ ಹಸಿರು ಹೊಳಪು ಕಾಣುತ್ತದೆ. ಈ ಹಲಗೆಯ ಅಂಚೆಲ್ಲ ಹೊಳೆಯಿತು, ನಡುಭಾಗ ಮಾತ್ರ ಕಪ್ಪಗೆ ಉಳಿಯಿತು. ಹಿಂದೆ ಯಾರೋ ತಾಯಿಯ ಮುಖ, ಕೈ, ಮಗುವಿನ ಸುತ್ತಲ ವಾರ್ನಿಷನ್ನು ಮಾತ್ರ ತೆಗೆದು, ಮತ್ತೆ ಹಚ್ಚದೆ ಬಿಟ್ಟಿದ್ದರು. ಆಮೇಲೆ ಬಂದ ಮಸಿಯೆಲ್ಲ ಬರಿಯ ಬಣ್ಣದ ಮೇಲೇ ಕೂತಿತ್ತು.

ಹಿರಿಯರು ಪಾರದರ್ಶಕ ಹಾಳೆ ಇಟ್ಟು ಅದರ ಮೇಲೆ ಒಂದು ವೃತ್ತ ಎಳೆದರು. “ಇದರ ಹೊರಗೆ ವಾರ್ನಿಷ್ ಕರಗಿಸುವ ಸಾಲ್ವೆಂಟು. ಇದರ ಒಳಗೆ ಉಗುಳು. ಉಗುಳು ಮಾತ್ರ.”

ಇದು ತಮಾಷೆಯಲ್ಲ. ಮನುಷ್ಯನ ಬಾಯಿನೀರು ಬೆಚ್ಚಗಿರುತ್ತದೆ, ಕ್ಷಾರವೂ ಅಲ್ಲ ಆಮ್ಲವೂ ಅಲ್ಲ, ಅದರಲ್ಲಿ ಜಿಡ್ಡು ಬಿಡಿಸುವ ಕಿಣ್ವಗಳಿವೆ. ಈ ವೃತ್ತಿಯವರು ಇದನ್ನು ಬಹಳ ಕಾಲದಿಂದ ಬಳಸಿಕೊಂಡು ಬಂದಿದ್ದಾರೆ. ಬಿದಿರು ಕಡ್ಡಿಯ ತುದಿಗೆ ಅಕ್ಕಿಕಾಳಿನಷ್ಟು ಹತ್ತಿ ಸುತ್ತಬೇಕು, ತುಟಿಗಳ ನಡುವೆ ಇಟ್ಟು ತೇವ ಮಾಡಬೇಕು, ಬಣ್ಣದ ಮೇಲೆ ಉರುಳಿಸಬೇಕು. ತಿಕ್ಕಬಾರದು. ಹತ್ತಿ ಕಪ್ಪಾದೊಡನೆ ಎಸೆದು ಹೊಸದು. ಅಲ್ಲಿಯವರೆಗೆ ಆ ಕೆಲಸವನ್ನೆಲ್ಲ ಹಿರಿಯರೇ ಮಾಡುತ್ತಿದ್ದರು. ಆ ಚಳಿಗಾಲ ಅವರ ಬಲಗೈ ನಡುಗತೊಡಗಿತ್ತು. ಹಾಗಾಗಿ ನನ್ನ ಪಾಲಿಗೆ ಬಂತು.

ನಾನು ಬೆಳೆದ ಮನೆಯಲ್ಲಿ ಲೋಟ ತುಟಿಗೆ ತಾಗಿಸಿ ನೀರು ಕುಡಿದರೆ ಆ ಲೋಟ ಹಿತ್ತಲಿಗೆ. ಸಾರಿನ ರುಚಿ ನೋಡಿದ ಸೌಟು ಮತ್ತೆ ಪಾತ್ರೆಗೆ ಇಳಿಯುವಂತಿಲ್ಲ. ಅಂಚೆ ಚೀಟಿಗೆ ನಾಲಿಗೆ ಹಚ್ಚಿದ್ದಕ್ಕೆ ಅವ್ವನಿಂದ ಬೆನ್ನಿಗೆ ಪೆಟ್ಟು ತಿಂದವಳು ನಾನು. ಟೊರಾಂಟೊಕ್ಕೆ ಬಂದ ಮೇಲೆ ಎಷ್ಟೋ ಬಿಟ್ಟಿದ್ದೆ, ಇದನ್ನು ಬಿಟ್ಟಿರಲಿಲ್ಲ. ಅದು ಬುದ್ಧಿಯಲ್ಲಿ ಇರಲಿಲ್ಲ, ಹೊಟ್ಟೆಯಲ್ಲಿತ್ತು. ಮೊದಲ ದಿನ ಹತ್ತಿಯನ್ನು ಬಾಯಿಗಿಟ್ಟು ಆ ತಾಯಿಯ ಕೆನ್ನೆಯತ್ತ ಒಯ್ದಾಗ ಕೈ ತಾನಾಗಿ ನಿಂತಿತು. ಯಾರದೋ ಮನೆಯ ಹಿರಿಯಳ ಮುಖಕ್ಕೆ ಉಗುಳಿದಂತೆ ಅನಿಸಿತು.

ಅಲ್ಲಿಗೆ ನನ್ನ ಎಂ.ಎಸ್ಸಿ. ಎದ್ದು ಕೂತಿತು. ಉಗುಳು ಮಾಡುವ ಕೆಲಸವನ್ನು ಅಮೋನಿಯಂ ಸಿಟ್ರೇಟಿನ ತೆಳು ದ್ರಾವಣವೂ ಮಾಡುತ್ತದೆ. ಬೇರೆ ಸ್ಟುಡಿಯೋಗಳಲ್ಲಿ ಅದನ್ನು ಬಳಸುತ್ತಾರೆ, ಅದರಲ್ಲಿ ತಪ್ಪಿಲ್ಲ. ತಪ್ಪು ಏನೆಂದರೆ, ನಾನು ಕೇಳದೆ ಬಳಸಿದೆ. ಸಣ್ಣ ಸೀಸೆಯಲ್ಲಿ ಮಾಡಿಕೊಂಡು ಏಪ್ರನ್ ಜೇಬಿನಲ್ಲಿ ಇಟ್ಟುಕೊಂಡೆ. ಹಿರಿಯರು ಹತ್ತಿರ ಬಂದಾಗ ಒಣ ಹತ್ತಿಯನ್ನು ತುಟಿಯ ಬಳಿ ಹಿಡಿದು ನಾಟಕ ಮಾಡುತ್ತಿದ್ದೆ. ಸಂಜೆ ರಿಪೋರ್ಟಿನಲ್ಲಿ ‘ಸಲೈವಾ’, ಅಂದರೆ ಉಗುಳು, ಎಂದು ಬರೆಯುತ್ತಿದ್ದೆ. “ಬಾಯಿ ಒಣಗುತ್ತಿದೆಯಾ?” ಎಂದು ಅವರು ಒಮ್ಮೆ ಸುಮ್ಮನೆ ಕೇಳಿದಾಗ, ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ಜೇಬು ಮುಟ್ಟಿ ನೋಡಿಕೊಂಡಿತು.

ನಾಲ್ಕು ದಿನ ಕೆಲಸ ಚೆನ್ನಾಗಿ ನಡೆಯಿತು. ಮಗುವಿನ ಕೆನ್ನೆಗೆ ಕೆಂಪು ಬಂತು, ತಾಯಿಯ ತಲೆವಸ್ತ್ರ ಬೆಳ್ಳಗಾಯಿತು. ಐದನೆಯ ದಿನ ಸೌಟಿನ ಹತ್ತಿರ ಬಂದೆ. ಅಲ್ಲಿ ಮಸಿ ದಪ್ಪಗೆ, ಹಟಮಾರಿಯಾಗಿತ್ತು. ಒಡತಿಗೆ ಬೇಗ ತೋರಿಸಬೇಕೆಂಬ ಅವಸರವೂ ಇತ್ತು. ಸೀಸೆಗೆ ನಾಲ್ಕು ಹನಿ ಅಮೋನಿಯಾ ಸೇರಿಸಿದೆ. ಆರನೆಯ ದಿನ ಮಧ್ಯಾಹ್ನ ಮಸಿ ಏಳಲು ಶುರುವಾಯಿತು. ಹತ್ತಿ ಕಪ್ಪಾಯಿತು, ಆಮೇಲೆ ಕಂದಾಯಿತು, ಆಮೇಲೆ ಹಾಲಿನ ಹಾಗೆ ಬಿಳಿಯಾಯಿತು.

ಹತ್ತಿಗೆ ಬಿಳಿ ಬಂದರೆ ಏಳುತ್ತಿರುವುದು ಮಸಿಯಲ್ಲ, ಬಣ್ಣ; ಅಲ್ಲಿಗೆ ನಿಲ್ಲಿಸಬೇಕು. ಮೊದಲ ದಿನ ಕಲಿಸುವ ಪಾಠ ಅದು. ನಾನು ಇನ್ನೂ ಎರಡು ಕಡ್ಡಿ ಉರುಳಿಸಿದೆ. ಹಿನ್ನೆಲೆಯ ಕಂದು ಗೋಡೆ ನಿಚ್ಚಳವಾಗಿ ಕಂಡಿತಲ್ಲ, ಅದೇ ಖುಷಿ.

ಮೈಕ್ರೋಸ್ಕೋಪನ್ನು ಎಳೆದುಕೊಂಡು ನೋಡಿದೆ. ನಾನು ಶುಚಿ ಮಾಡಿದ ಜಾಗದ ಮೇಲಂಚಿನಲ್ಲಿ, ಇನ್ನೂ ಮಸಿ ಇದ್ದ ಕಡೆಯಿಂದ, ತೆಳ್ಳನೆಯ ಬಿಳಿ ಗೆರೆಯೊಂದು ಇಣುಕುತ್ತಿತ್ತು. ಸೀಸದಿಂದ ಮಾಡಿದ, ಎಣ್ಣೆ ಹೆಚ್ಚಿಲ್ಲದ ಬಿಳಿ ಬಣ್ಣವನ್ನು ಒಣ ಕುಂಚದಲ್ಲಿ ಸವರಿದ ಗೆರೆ. ಅದು ಕೆಳಗಿಳಿದು ಬಂದು, ನನ್ನ ಹತ್ತಿ ಉರುಳಿದ ಜಾಗದ ಅಂಚಿಗೆ ಬಂದು, ಅಲ್ಲಿಗೆ ನಿಂತುಹೋಗಿತ್ತು. ಅದರಿಂದ ಸೌಟಿನವರೆಗೆ ಒಂದು ಹೆಬ್ಬೆರಳಿನ ಉಗುರಿನಷ್ಟು ಜಾಗ ಖಾಲಿ. ಕಸದ ಡಬ್ಬಿಯಲ್ಲಿ ಮೂರು ಬಿಳಿ ಹತ್ತಿಗಳು.

ಒಡತಿಯ ನೆನಪು ನಿಜವಾಗಿತ್ತು. ಹಬೆ ಇತ್ತು. ಕೆಳಗಿನ ಅರ್ಧವನ್ನು ನಾನು ಒರೆಸಿ ಹಾಕಿದ್ದೆ.

ಹಿರಿಯರು ಆ ಹೊತ್ತಿಗೆ ಮನೆಗೆ ಹೊರಟಿದ್ದರು. ನಾನು ಹೇಳಲಿಲ್ಲ. ಹಲಗೆಯ ಮೇಲೆ ಬಟ್ಟೆ ಮುಚ್ಚಿದೆ, ರಿಪೋರ್ಟು ತೆರೆದು ಆರನೆಯ ಸಲ ‘ಸಲೈವಾ’ ಎಂದು ಬರೆದೆ, ಮನೆಗೆಂದು ಯಂಗ್ ಸ್ಟ್ರೀಟಿನ ಬಸ್ಸು ಹಿಡಿದು ರಿಚ್ಮಂಡ್ ಹಿಲ್‌ಗೆ ಹೋದೆ.

ಅವ್ವ ಆರು ತಿಂಗಳ ಮಟ್ಟಿಗೆ ಧಾರವಾಡದಿಂದ ಬಂದಿದ್ದಳು. ನಾನು ಒಳಗೆ ಬಂದಾಗ ನನ್ನ ಮೂರು ವರ್ಷದ ಮಗಳನ್ನು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ ರವೆ ಗಂಜಿ ಉಣಿಸುತ್ತಿದ್ದಳು.

“ಟೂ ಹಾಟ್, ಅಜ್ಜಿ!” ಎಂದು ಮಗಳು ಮುಖ ತಿರುಗಿಸಿದಳು.

“ಹಾಟ್ ಇಲ್ಲವ್ವಾ, ತಡಿ, ಆರಸ್ತೀನಿ,” ಎಂದು ಅವ್ವ ಚಮಚೆಗೆ ಊದಿದಳು. ಆಮೇಲೆ ಅದನ್ನು ತನ್ನ ಕೆಳತುಟಿಗೆ ಒಂದಿಷ್ಟು ತಾಗಿಸಿ ನೋಡಿ, ಮಗಳ ಬಾಯಿಗಿಟ್ಟಳು.

ನಾನು ಕೋಟು ಬಿಚ್ಚದೆ ನಿಂತುಬಿಟ್ಟೆ. ಅದೇ ಕೈ, ಅದೇ ತುಟಿ, ಅದೇ ಚಾಚಿದ ಕತ್ತು.

“ಅವ್ವಾ, ಎಂಜಲಾತಲ್ಲ ಅದು,” ಎಂದೆ.

“ಕೂಸಿನ ಬಾಯಿ ಸುಡಬೇಕೇನು ಮತ್ತ? ಅದು ಎಂಜಲಲ್ಲ, ಅಳತಿ,” ಎಂದವಳು ನನ್ನನ್ನು ತಿರುಗಿ ನೋಡಿದಳು. “ಯಾಕ, ಮಾರಿ ಹಿಂಗ್ಯಾಕ ಮಾಡಿ? ಏನಾತು?”

ಗೋಡೆಗೊರಗಿ ಎಲ್ಲ ಹೇಳಿದೆ. ಉಗುಳಿನ ಮಾತು ಬಂದಾಗ ಅವ್ವ ಚಮಚೆ ಕೆಳಗಿಟ್ಟಳು.

“ಉಗುಳಿಲೆ ಚಿತ್ರಾ ಒರಸ್ತೀರಿ? ರಾಮ ರಾಮ! ಇದಕ್ಕ ಅಷ್ಟೊಂದು ಓದಿಸಿದ್ವೇನು ನಿನ್ನ?”

“ನಾ ಉಗುಳು ಹಚ್ಚಲಿಲ್ಲ ಅವ್ವಾ. ಅದಕ್ಕ ಹಿಂಗಾತು. ಹಚ್ಚೀನಿ ಅಂತ ಸುಳ್ಳು ಬರದೆ.”

ಮಗಳು ಮೇಜು ಬಡಿಯುತ್ತ, “ಮೋರ್, ಅಜ್ಜಿ, ಮೋರ್,” ಎನ್ನುತ್ತಿದ್ದಳು.

“ಎಂಜಲಾದ್ರ ತೊಳಕೊಂಡ್ರ ಹೋಗ್ತದ,” ಎಂದಳು ಅವ್ವ. “ಸುಳ್ಳು ಬರದದ್ದು ಹ್ಯಾಂಗ ತೊಳೀತಿ? ಆ ಹಿರೀಮನಿಷ್ಯಾಗ ನಾಳೆ ಹೇಳು. ಆ ಮುದುಕಿಗೂ ಹೇಳು. ಈಗ ಹೋಗಿ ಕೈಕಾಲ ತೊಕ್ಕೊಂಡ ಬಾ. ಅದೆಲ್ಲಾ ಮುಟ್ಟಿ ಬಂದೀದಿ, ಒಲಿ ಕಡೆ ಬರಬ್ಯಾಡ.”

ಮರುದಿನ ಬೆಳಿಗ್ಗೆ ಹಿರಿಯರು ಕೋಟು ತೆಗೆಯುವ ಮೊದಲೇ ಹೇಳಿದೆ. ಸೀಸೆಯನ್ನೂ ಮೂರು ಹತ್ತಿಗಳನ್ನೂ ಮೇಜಿನ ಮೇಲಿಟ್ಟೆ. ಅವರು ಮೈಕ್ರೋಸ್ಕೋಪಿನಲ್ಲಿ ತುಂಬ ಹೊತ್ತು ನೋಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ರಿಪೋರ್ಟು ತೆಗೆದು ನನ್ನ ಆರು ‘ಸಲೈವಾ’ಗಳ ಮೇಲೆ ಒಂದೊಂದಾಗಿ ಬೆರಳಿಟ್ಟರು.

“ಬಣ್ಣ ಹೋಯಿತು. ಅದು ನನ್ನ ಕೈಯಿಂದಲೂ ಹೋಗಿದೆ. ಆದರೆ ಇದನ್ನು ನಂಬಿದ್ದರೆ ನಾನು ಏನು ಮಾಡುತ್ತಿದ್ದೆ ಗೊತ್ತಾ? ಉಗುಳಿಗೇ ಬಣ್ಣ ಏಳುತ್ತಿದೆ ಎಂದುಕೊಂಡು ನಡುಭಾಗಕ್ಕೆಲ್ಲ ಅಂಟು ಹೊಡೆದು ಗಟ್ಟಿ ಮಾಡುತ್ತಿದ್ದೆ. ಬೇಡದ ಔಷಧಿ. ನೂರು ವರ್ಷ ಆದ ಮೇಲೆ ಇದನ್ನು ತೆರೆಯುವವನೂ ನಿನ್ನ ಸುಳ್ಳನ್ನೇ ಓದುತ್ತಾನೆ.”

ನನಗೆ ಅಳು ಬಂತು. ಅತ್ತುಬಿಟ್ಟೆ. ಹಿರಿಯರು ಕಾದು, ಆಮೇಲೆ ಕೆಲಸದ ಮಾತಿಗೆ ಬಂದರು. ಮೇಲಿನ ಅರ್ಧ ಇನ್ನೂ ಮಸಿಯಡಿ ಇದೆ. ಅದು ಹೊರಬಂದರೆ ಅದರ ಓಟ ನೋಡಿಕೊಂಡು ಕೆಳಗಿನ ಅರ್ಧವನ್ನು ನಾವು ಬರೆಯಬಲ್ಲೆವು, ಬೇಕೆಂದಾಗ ಒರೆಸಿ ತೆಗೆಯಬಹುದಾದ ಬಣ್ಣದಲ್ಲಿ. ಆಮೇಲೆ ಹೇಳಿದರು: “ಎರಡು ಗಂಟೆಯ ಕೆಲಸ. ರಿಪೋರ್ಟಿನಲ್ಲಿ ಬರೆದಿಡೋಣ. ಆಕೆಗೆ ಹೇಳಿ ನೋಯಿಸಬೇಕೇ, ನೀನೇ ಯೋಚಿಸು. ಆ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ.”

ಆ ಮಾತು ಬೆಚ್ಚಗಿತ್ತು. ಒಪ್ಪಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಒಡತಿಗೆ ಅವರು ಬಯಸಿದ ಹಬೆ ಸಿಗುತ್ತಿತ್ತು, ನನಗೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಆ ಮುದುಕಿ ಅಮ್ಮನ ಜೊತೆ ಊದಿದ ಹಬೆ ಅಂದುಕೊಂಡು ನಮ್ಮ ಬಣ್ಣವನ್ನು ನೋಡುತ್ತಾರೆ ಎಂಬುದನ್ನು ನನ್ನಿಂದ ನುಂಗಲಾಗಲಿಲ್ಲ. ಮೊದಲು ಅವರಿಗೆ ಹೇಳೋಣ, ಬರೆಯುವುದೋ ಬಿಡುವುದೋ ಅವರೇ ಹೇಳಲಿ ಎಂದೆ. ಉಳಿದ ಅರ್ಧವನ್ನು ನಾನೇ ಬಿಡಿಸುತ್ತೇನೆ, ಉಗುಳಿನಲ್ಲೇ, ಎಂದೂ ಹೇಳಿದೆ. ಹಿರಿಯರು ನಡುಗುವ ತಮ್ಮ ಕೈಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಟೆಲಿಫೋನನ್ನು ನನ್ನ ಕಡೆ ತಳ್ಳಿದರು.

ಫೋನಿನಲ್ಲಿ ನಾನು ಹೇಳಿದ್ದನ್ನೆಲ್ಲ ಒಡತಿ ಅಡ್ಡ ಬಾರದೆ ಕೇಳಿದರು.

“ಹಾಗಾದರೆ ಹಬೆ ಇತ್ತು,” ಎಂದರು ಕೊನೆಗೆ.

“ಇತ್ತು. ಅರ್ಧ ಇನ್ನೂ ಇದೆ.”

“ಎಷ್ಟು ದಿನ ಬೇಕು?”

“ಉಗುಳಿನಲ್ಲೇ ಮಾಡಿದರೆ ಇನ್ನೂ ನಾಲ್ಕು ವಾರ. ಹೆಚ್ಚೂ ಆಗಬಹುದು.”

ನಾಲ್ಕು ವಾರ ಎಂದರೆ ಅವರ ಕಣ್ಣಿಗೆ ಏನೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. “ಇರುವುದನ್ನು ಉಳಿಸು. ನನಗೋಸ್ಕರ ಅವಸರ ಮಾಡಬೇಡ,” ಎಂದು ಹೇಳಿ ಫೋನ್ ಇಟ್ಟರು.

ಕೆಲಸ ಶುರುವಾಯಿತು. ಬೆಳಿಗ್ಗೆ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಕೂರಬೇಕು. ಕಾಫಿ ಇಲ್ಲ, ಹುಳಿ ಇಲ್ಲ, ಖಾರ ಇಲ್ಲ. ಇದನ್ನು ಅವ್ವನಿಗೆ ಹೇಳಿದಾಗ, “ಮಡಿ ಮಾಡಿ ಎಂಜಲಾ ಮಾಡೂ ಕೆಲಸಾ ಇದು,” ಎಂದು ಗೊಣಗಿದಳು. ಆದರೆ ಮರುದಿನದಿಂದ ನನ್ನ ಡಬ್ಬಿಯಲ್ಲಿ ಶೇಂಗಾ ಚಟ್ನಿ ಮಾಯವಾಯಿತು, ಉಪ್ಪಿನಕಾಯಿ ಮಾಯವಾಯಿತು. ಬರೀ ಮೆತ್ತನೆಯ ಅನ್ನ, ಹಾಲು. ಧಾರವಾಡದವಳಿಗೆ ಅದು ಸಣ್ಣ ಶಿಕ್ಷೆಯಲ್ಲ.

ಮೊದಲ ಕಡ್ಡಿಯನ್ನು ತುಟಿಗಳ ನಡುವೆ ಇಟ್ಟುಕೊಂಡೆ. ಎದುರಿಗಿದ್ದ ತಾಯಿಯ ಕೆಳತುಟಿ ನೋಡಿದೆ. ಅವಳು ಸುಟ್ಟುಕೊಂಡು ನೋಡುತ್ತಿದ್ದಳು, ಮಗು ಸುಟ್ಟುಕೊಳ್ಳದಿರಲಿ ಎಂದು. ಅವ್ವ ಅಂದ ‘ಅಳತಿ’ ನೆನಪಾಯಿತು. ಕಡ್ಡಿಯನ್ನು ಉರುಳಿಸಿದೆ. ಬೂದು ಬಂತು. ಎಸೆದೆ. ಇನ್ನೊಂದು. ದಿನಕ್ಕೆ ಒಂದು ಸಾಸಿವೆ ಡಬ್ಬಿಯ ಮುಚ್ಚಳದಷ್ಟು ಜಾಗವೂ ಆಗುತ್ತಿರಲಿಲ್ಲ. ಎರಡನೆಯ ವಾರ ಸ್ಟುಡಿಯೋದ ಹೀಟರು ಕೆಟ್ಟು, ಹಲಗೆ ಬಾಗೀತೆಂದು ಮೂರು ದಿನ ಕೆಲಸ ನಿಲ್ಲಿಸಬೇಕಾಯಿತು. ಆ ಮೂರು ದಿನ ನಾನು ಯಾರ ಜೊತೆಯೂ ನೆಟ್ಟಗೆ ಮಾತಾಡಲಿಲ್ಲ. ಒಟ್ಟು ಐದು ವಾರ ಹಿಡಿಯಿತು. ಕೊನೆಗೆ ಮೇಲಿನ ಅರ್ಧ ಪೂರ್ತಿ ಹೊರಬಂತು. ತಾಯಿಯ ಹಣೆಯ ಮುಂದೆ ಏರಿ, ಬಲಕ್ಕೆ ಬಾಗಿ, ಕತ್ತಲೆಯ ತೊಲೆಯ ಹತ್ತಿರ ಎಲ್ಲೋ ಮುಗಿದುಹೋಗುವ ಒಂದು ಬಿಳಿ ಎಳೆ. ಒಂದು ಚೂರೂ ಹೋಗಿರಲಿಲ್ಲ.

ಹಿರಿಯರ ವ್ಯಾನಿನಲ್ಲಿ ಪಿಕರಿಂಗಿಗೆ ಹೋದೆವು. ರಸ್ತೆಬದಿಯ ಹಿಮ ಕರಗಿ ಕಪ್ಪಾಗಿತ್ತು. ಒಡತಿಯೇ ಬಾಗಿಲು ತೆರೆದರು. ನಮ್ಮ ದನಿ ಬಂದ ಕಡೆ ಮುಖ ಮಾಡದೆ, ಸ್ವಲ್ಪ ಪಕ್ಕಕ್ಕೆ ನೋಡುತ್ತಿದ್ದರು. ಅಷ್ಟಕ್ಕೇ ನನಗೆ ಅರ್ಥವಾಯಿತು. ಹಲಗೆಯನ್ನು ಕಿಟಕಿಯ ಬಳಿ ಮೇಜಿನ ಮೇಲೆ ನಿಲ್ಲಿಸಿದೆವು. ಅವರು ಮುಖ ಅದರ ಹತ್ತಿರ ತಂದು, ಎಡಕ್ಕೆ ಓರೆ ಮಾಡಿ, ಬಲಕ್ಕೆ ಓರೆ ಮಾಡಿ ಹುಡುಕಿದರು.

“ಮಗುವಿನ ಕೆಂಪು ಕಾಣುತ್ತದೆ. ತಲೆವಸ್ತ್ರ ಕಾಣುತ್ತದೆ,” ಎಂದರು. “ಹಬೆ ಕಾಣುವುದಿಲ್ಲ. ಹದಿನೈದು ದಿನದ ಹಿಂದೆ ಕಾಣುತ್ತಿತ್ತೋ ಏನೋ.”

ನಾನು ಕ್ಷಮಿಸಿ ಎಂದೆ. ಎಷ್ಟು ಸಣ್ಣ ಮಾತು ಅದು. ಆ ಹದಿನೈದರಲ್ಲಿ ಆರು ದಿನ ನನ್ನ ಸೀಸೆ ತಿಂದದ್ದು.

ಹಿರಿಯರು ಮೆತ್ತಗೆ, ಹೋದ ಅರ್ಧವನ್ನು ನಾವು ಬರೆದುಕೊಡಬಹುದು, ಬೇಕೇ ಎಂದು ಕೇಳಿದರು. ಒಡತಿ ತಮ್ಮ ತೋರುಬೆರಳನ್ನು ನನ್ನತ್ತ ಚಾಚಿದರು. “ನಿನಗೆ ಕಾಣುತ್ತದಲ್ಲ, ತೋರಿಸು.”

ಅವರ ಬೆರಳು ಹಿಡಿದು, ಹಲಗೆಗೆ ತಾಗದಂತೆ ಕೂದಲೆಳೆಯಷ್ಟು ದೂರದಲ್ಲಿ, ಮೇಲಿನಿಂದ ಶುರು ಮಾಡಿದೆ. ತೊಲೆಯ ಬಳಿಯಿಂದ ಇಳಿದೆ, ಬಾಗಿನಲ್ಲಿ ಬಾಗಿದೆ, ತಾಯಿಯ ಹಣೆಯ ಮುಂದೆ ಬಂದೆ. ನಾನು ಒರೆಸಿದ ಜಾಗದ ಅಂಚು ಬಂದಾಗ ನಿಲ್ಲಿಸಿದೆ. “ಇಲ್ಲಿಗೆ ಮುಗಿಯಿತು,” ಎಂದೆ.

ಬೆರಳು ನಿಲ್ಲಲಿಲ್ಲ. ನನ್ನ ಹಿಡಿತದೊಳಗೇ ಅದು ತಾನಾಗಿ ಮುಂದೆ ಸರಿಯಿತು. ನಾನಾಗಿದ್ದರೆ, ಹಿರಿಯರಾಗಿದ್ದರೆ, ಆ ಗೆರೆಯನ್ನು ನೆಟ್ಟಗೆ ಸೌಟಿಗೆ ಇಳಿಸುತ್ತಿದ್ದೆವು. ಅವರ ಬೆರಳು ಎಡಕ್ಕೆ ಹೊರಳಿತು, ಮಗುವಿನ ಮೂಗಿನ ಹತ್ತಿರ ಹೋಗಿ ಒಂದು ಸುತ್ತು ಸುತ್ತಿತು, ಅಲ್ಲಿಂದ ವಾಪಸು ಬಂದು ಸೌಟಿನ ಮೇಲೆ ನಿಂತಿತು. ಮಗು ಕತ್ತು ಚಾಚಿದ್ದು ಉಣ್ಣಲು ಎಂದು ನಾನು ತಿಳಿದಿದ್ದೆ. ಅದು ಹಬೆಯ ವಾಸನೆ ಹಿಡಿಯುತ್ತಿತ್ತು.

“ಹೀಗೆ,” ಎಂದರು ಒಡತಿ. ಆಮೇಲೆ ತುಟಿ ಮುಂದೆ ಮಾಡಿ, ಸೌಟಿನ ಮೇಲೆ ಮೆಲ್ಲಗೆ ಊದಿದರು.

ಹಿರಿಯರು ಬಣ್ಣದ ಮಾತು ಮತ್ತೆ ಎತ್ತಲಿಲ್ಲ. ವ್ಯಾನಿನಿಂದ ರಿಪೋರ್ಟು ತರಿಸಿ ನನ್ನ ಮುಂದಿಟ್ಟರು. ಆರು ‘ಸಲೈವಾ’ಗಳ ಮೇಲೆ ನಾನು ಆಗಲೇ ಗೆರೆ ಎಳೆದು, ಪಕ್ಕದಲ್ಲಿ ನಿಜ ಬರೆದಿದ್ದೆ. ಈಗ ಕೊನೆಯ ಪುಟದಲ್ಲಿ ಆ ಹಬೆಯನ್ನು ಪೆನ್ಸಿಲಿನಲ್ಲಿ ಪೂರ್ತಿ ಬರೆದೆ. ಮೇಲಿನ ಅರ್ಧದ ಪಕ್ಕದಲ್ಲಿ ‘ಹಲಗೆಯ ಮೇಲೆ ಇದೆ’ ಎಂದು ಬರೆದೆ. ಕೆಳಗಿನ ಅರ್ಧದ ಪಕ್ಕದಲ್ಲಿ ‘ನನ್ನ ಕೈಯಿಂದ ಹೋದದ್ದು, ಒಡತಿ ಬೆರಳಲ್ಲಿ ಬರೆದು ತೋರಿಸಿದಂತೆ’ ಎಂದು ಬರೆದು ಸಹಿ ಮಾಡಿದೆ.